ಕೋಟೆಗೆ ಬಂದ ಇಟಲಿಯ ಕಾರು

ನಮ್ಮ ಹೆಗ್ಗಡದೇವನಕೋಟೆಯ ಕಡೆ 'ಎಸ್ಟೇಟ್' ಎಂಬ ಮಾತು ಕಿವಿಗೆ ಬಿದ್ದರೆ ಮನಸ್ಸು ಒಡನೆಯೇ ಪಡುವಣ ದಿಕ್ಕಿಗೆ, ಕೊಡಗಿನ ಕಾಫಿ ತೋಟಗಳ ಕಡೆಗೆ ತಿರುಗುತ್ತದೆ. 'ಎಸ್ಟೇಟಿಗೆ ಹೋಗಿದ್ದಾನೆ' ಎಂದರೆ ಕೂಲಿಗೆ ಹೋಗಿದ್ದಾನೆ ಎಂದು ಅರ್ಥ. 'ಎಸ್ಟೇಟಿನವರು' ಎಂದರೆ ಕೂಲಿ ಕೊಡುವವರು. ಆದ್ದರಿಂದ 'ಎಸ್ಟೇಟ್ ಕಾರು' ಎಂದ ಕೂಡಲೇ ತೋಟದ ಸಾಹುಕಾರರ ಕಾರು ಎಂದು ನಮ್ಮವರು ಭಾವಿಸಿದರೆ ಅವರನ್ನು ತಪ್ಪುಗಾರರೆನ್ನಲಾಗದು. ಶಬ್ದದ ಹುಟ್ಟನ್ನು ವಿಚಾರಿಸಿದರೆ ಅವರು ಹೇಳುವ ಅರ್ಥವೇ ಮೂಲಕ್ಕೆ ಹತ್ತಿರವಾದುದು. ಇಂಗ್ಲೆಂಡಿನ ಜಮೀನ್ದಾರರು ತಮ್ಮ ವಿಶಾಲವಾದ ಭೂಮಿಕಾಣಿಗಳ ಮೇಲೆ ಓಡಾಡುವುದಕ್ಕೆ, ನಾಯಿ, ಬಂದೂಕು, ಬುತ್ತಿ, ಬೇಟೆಯ ಬಳಗವನ್ನೆಲ್ಲ ಒಟ್ಟಿಗೆ ಹೇರಿಕೊಂಡು ಹೋಗುವುದಕ್ಕೆ ಮಾಡಿಸಿಕೊಂಡ ವಾಹನ ಅದು. ಸಾಮಾನ್ಯ ಕಾರಿಗೆ ಹಿಂದೆ ಡಿಕ್ಕಿ ಬೇರೆಯಾಗಿ ಚಾಚಿಕೊಂಡಿರುತ್ತದೆ; ಎಸ್ಟೇಟ್ ಕಾರಿನಲ್ಲಿ ಸೂರೇ ಕೊನೆಯವರೆಗೆ ಸಾಗಿ ಹಿಂಬದಿಯಲ್ಲೊಂದು ಬಾಗಿಲಾಗಿ ಇಳಿಯುತ್ತದೆ. ಕುಳಿತವರ ಬೆನ್ನಿಗೆ ಒಂದು ಸಣ್ಣ ಉಗ್ರಾಣವನ್ನು ಕಟ್ಟಿದಂತೆ ಎನ್ನಬಹುದು.

ಇದಕ್ಕೂ ಹಳೆಯ ಹೆಸರೊಂದುಂಟು: 'ಶೂಟಿಂಗ್ ಬ್ರೇಕ್'. ಇಲ್ಲಿ ಬ್ರೇಕ್ ಎಂದರೆ ಗಾಡಿಯನ್ನು ನಿಲ್ಲಿಸುವ ಸಾಧನವಲ್ಲ. ಎಳೆಯ ಕುದುರೆಗಳನ್ನು ಪಳಗಿಸುವುದಕ್ಕಾಗಿ ಹೂಡುತ್ತಿದ್ದ ಗಟ್ಟಿಮುಟ್ಟಾದ ಬಂಡಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಆ ಹೆಸರಿತ್ತು. ಅದೇ ಬಂಡಿ ಬೇಟೆಗೆ ಹೋಗುವವರನ್ನು ಹೊತ್ತಿತು. ಮೋಟಾರು ಬಂದ ಮೇಲೆ ಕುದುರೆ ಹೋಗಿ ಹೆಸರು ಉಳಿಯಿತು. ಅಮೆರಿಕದವರು ರೈಲು ನಿಲ್ದಾಣದಿಂದ ಜನರನ್ನೂ ಸಾಮಾನನ್ನೂ ತರುವುದಕ್ಕೆ ಇಂಥದೇ ಬಂಡಿಯನ್ನು ಬಳಸಿ ಅದನ್ನು 'ಸ್ಟೇಷನ್ ವ್ಯಾಗನ್' ಎಂದರು. ಒಂದು ಕಡೆ ಬೇಟೆಯ ಸಂತೋಷ, ಇನ್ನೊಂದು ಕಡೆ ಪೆಟ್ಟಿಗೆ ಗಂಟುಗಳ ಭಾರ. ಈ ಎರಡು ಬುದ್ಧಿಗಳೂ ಎಸ್ಟೇಟ್ ಕಾರಿನ ರಕ್ತದಲ್ಲಿ ಇಂದಿಗೂ ಉಳಿದುಕೊಂಡಿವೆ.

ಬೇಟೆಯ ಮಾತು ಬಂದಾಗ ನಮ್ಮ ತಾಲ್ಲೂಕನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಮಾಸ್ತಿಯವರ ನಾಟಕದಿಂದ ಸಾಹಿತ್ಯದ ಓದುಗರಿಗೆಲ್ಲ ಪರಿಚಿತವಾದ ಕಾಕನಕೋಟೆಯ ಕಾಡು ಇಲ್ಲಿಯದೇ. ಮೈಸೂರು ಅರಸರ ಅತಿಥಿಗಳಾಗಿ ಬಂದ ದೊಡ್ಡವರು ಕಪಿಲೆಯ ದಂಡೆಯ ಮೇಲೆ ಆನೆಯ ಖೆಡ್ಡಾಗಳನ್ನು ನೋಡುತ್ತಿದ್ದರು. ಕಾರಾಪುರದಲ್ಲಿ ಅವರಿಗಾಗಿ ಬಂಗಲೆಗಳಿದ್ದುವು. ಭಾರತದ ಸಂಸ್ಥಾನಿಕರು ವಿಲಾಯಿತಿಯ ಕಾರುಗಳನ್ನು ತರಿಸಿ, ಬೇಟೆಗೆಂದೇ ಅವುಗಳ ಮೈಯನ್ನು ಬೇರೆಯಾಗಿ ಕಟ್ಟಿಸಿಕೊಳ್ಳುತ್ತಿದ್ದ ಕಾಲ ಅದು. 1971ರಲ್ಲಿ ಕಾಕನಕೋಟೆಯ ಕೊನೆಯ ಖೆಡ್ಡಾ ನಡೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಪೂರೈಸಿ ಆ ಕಾಡಿನ ತಗ್ಗುಗಳೆಲ್ಲ ನೀರಿನಡಿ ಸೇರಿದುವು. ಬೇಟೆಯ ಬಂಗಲೆಗಳು ಪ್ರವಾಸಿಗಳ ವಸತಿಗಳಾದುವು. ಹೀಗೆ ಬೇಟೆಗಾಡಿಯ ಕೆಲಸವೇ ನಮ್ಮಲ್ಲಿ ಮುಗಿದುಹೋಯಿತು. ಅದರ ವಂಶದ ಒಂದು ಕುಡಿ ಮೂವತ್ತು ವರ್ಷಗಳ ಬಳಿಕ, ಬಂದೂಕನ್ನೂ ಬಿಂಕವನ್ನೂ ಬಿಟ್ಟು, ಇಟಲಿಯ ವೇಷದಲ್ಲಿ ಇದೇ ಸೀಮೆಯ ಸಂಸಾರಿಗಳ ಮನೆಗೆ ಬಂದದ್ದು ಹೇಗೆ ಎಂಬುದೇ ನಾನು ಇಲ್ಲಿ ಹೇಳಹೊರಟಿರುವ ಚರಿತ್ರೆ.

ಇಟಲಿ ಎಂದಾಗ ಮೊದಲು ಹೇಳಬೇಕಾದುದು ಟ್ಯೂರಿನ್ ನಗರದ ವಿಷಯ. 'ಫಿಯಟ್' ಎಂಬ ಹೆಸರಿನ ಕೊನೆಯ ಅಕ್ಷರ ಆ ಊರಿನದೇ. 1899ರಲ್ಲಿ ಆ ಕಾರ್ಖಾನೆ ಹುಟ್ಟಿತು. ಅದರ ಸುತ್ತಮುತ್ತ ಕಾರಿನ ಮೈ ಕಟ್ಟುವ ಕುಶಲಿಗಳ ಮನೆತನಗಳು ಬೆಳೆದುವು. ಬೆರ್ಟೋನೆ, ಪಿನಿನ್‌ಫರೀನಾ, ಆಮೇಲೆ ಜುಜಾರೊ: ಈ ಹೆಸರುಗಳು ಶಿಲ್ಪಿಗಳ ಹೆಸರುಗಳಂತೆ ಲೋಕದಲ್ಲಿ ಪ್ರಸಿದ್ಧವಾದುವು. ತಗಡನ್ನು ಬಡಿದು ಬಾಗಿಸುವ ಕೆಲಸದಲ್ಲಿ ಸೊಗಸನ್ನು ಕಾಣುವ ಕಣ್ಣು ಆ ಜನಕ್ಕಿತ್ತು. ಅದೇ ಕಣ್ಣು ಕೆಲವು ವೇಳೆ ಉಪಯೋಗದ ಕಡೆಗೆ ಮುಚ್ಚಿಕೊಂಡಿತೆಂಬ ಮಾತೂ ಸುಳ್ಳಲ್ಲ.

ಅದಕ್ಕೊಂದು ನಿದರ್ಶನವಿದೆ. ಫಿಯಟ್ ಬಳಗಕ್ಕೆ ಸೇರಿದ ಆಲ್ಫಾ ರೋಮಿಯೋ ಸಂಸ್ಥೆ 1997ರಲ್ಲಿ 156 ಎಂಬ ಕಾರನ್ನು ಹೊರತಂದಿತು. ಯೂರೋಪಿನವರು ಅದನ್ನು 1998ರ ವರ್ಷದ ಕಾರೆಂದು ಆರಿಸಿದರು. ಹಿಂಬಾಗಿಲಿನ ಹಿಡಿಯನ್ನು ಕಿಟಕಿಯ ಚೌಕಟ್ಟಿನಲ್ಲಿ ಅಡಗಿಸಿ, ನಾಲ್ಕು ಬಾಗಿಲಿನ ಕಾರನ್ನು ಎರಡು ಬಾಗಿಲಿನದೆಂದು ಭ್ರಮೆ ಹುಟ್ಟಿಸಿದ ಚಾತುರ್ಯ ಅದರಲ್ಲಿತ್ತು. 2000ದಲ್ಲಿ ಅದರ ಎಸ್ಟೇಟ್ ರೂಪ ಬಂದಿತು. 'ಸ್ಪೋರ್ಟ್‌ವ್ಯಾಗನ್' ಎಂದು ಹೆಸರಿಟ್ಟರು. ನೋಡಿದವರೆಲ್ಲ ಮರುಳಾದರು. ಅಳತೆ ಹಿಡಿದು ನೋಡಿದರೆ, ಸಾಮಾನ್ಯ 156ರ ಡಿಕ್ಕಿ 378 ಲೀಟರಿನದು. ಸಾಮಾನಿಗಾಗಿಯೇ ಬೆನ್ನನ್ನು ಚಾಚಿಸಿಕೊಂಡ ಈ ಎಸ್ಟೇಟಿನ ಡಿಕ್ಕಿ 360 ಲೀಟರಿನದು! ಸೂರಿನ ಇಳಿಜಾರು ಚೆಲುವಾಗಿರಬೇಕೆಂದು ಉಗ್ರಾಣವನ್ನೇ ಕಿರಿದುಮಾಡಿದ್ದರು. ಅದರ ಪೆಟ್ರೋಲ್ ಎಂಜಿನ್ನಿನ ಟೈಮಿಂಗ್ ಬೆಲ್ಟನ್ನು ಮೊದಲು ಹೇಳಿದ್ದ ಅವಧಿಯ ಅರ್ಧಕ್ಕೇ ಬದಲಿಸಬೇಕೆಂದು ಆಮೇಲೆ ಸಲಹೆ ಬಂದಿತು. ಅದನ್ನು ಲಕ್ಷ್ಯಕ್ಕೆ ತಾರದ ಒಡೆಯ ಒಂದು ದಿನ ಎಂಜಿನ್ನನ್ನೇ ಕಳೆದುಕೊಳ್ಳುತ್ತಿದ್ದ. ಯೂರೋಪಿನಲ್ಲಿ ಇಂಥ ಕಾರನ್ನು ಎರಡನೆಯ ಕೈಯಿಂದ ಕೊಳ್ಳುವುದೆಂದರೆ, ಸಂಗೀತ ಬಲ್ಲ, ಆದರೆ ಅಡಿಗೆ ಬಾರದ ಸೊಸೆಯನ್ನು ಮನೆತುಂಬಿಸಿಕೊಂಡಂತೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರೋ ಏನೋ.

ಆಲ್ಫಾ ರೋಮಿಯೋ ನಮ್ಮ ಜಿಲ್ಲೆಯ ರಸ್ತೆಯನ್ನು ಕಾಣಲಿಲ್ಲವೆಂದೇ ಹೇಳಬಹುದು. ಆದರೆ ಫಿಯಟ್ ನಮಗೆ ಹೊಸಬನಲ್ಲ. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಪ್ರೀಮಿಯರ್ ಸಂಸ್ಥೆ, ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿಯೇ ಫಿಯಟ್‌ನೊಡನೆ ಒಪ್ಪಂದ ಮಾಡಿಕೊಂಡು ಕುರ್ಲಾದ ಕಾರ್ಖಾನೆಯಲ್ಲಿ ಕಾರು ಕಟ್ಟತೊಡಗಿತು. 1089 ಸಿಸಿಯ ಎಂಜಿನ್ನಿನ, ಸ್ಟೇರಿಂಗಿನ ಪಕ್ಕದಲ್ಲೇ ಗೇರಿನ ಹಿಡಿಯಿದ್ದ ಆ 1100 ಕಾರು 1974ರಲ್ಲಿ 'ಪ್ರೀಮಿಯರ್ ಪದ್ಮಿನಿ' ಆಯಿತು. ಚಿತ್ತೂರಿನ ರಾಣಿಯ ಹೆಸರನ್ನು ಹೊತ್ತ ಮೇಲೂ ನಮ್ಮ ಜನ ಅದನ್ನು ಫಿಯಟ್ ಎಂದೇ ಕರೆದರು. ಅಂಬಾಸಿಡರ್ ಸರ್ಕಾರದ ಕಾರು, ಫಿಯಟ್ ಡಾಕ್ಟರ ಕಾರು, ವಕೀಲರ ಕಾರು ಎಂಬ ಅಲಿಖಿತ ವರ್ಣವ್ಯವಸ್ಥೆಯೊಂದು ಮೈಸೂರಿನಲ್ಲಿಯೂ ಇತ್ತು. ಮೈಸೂರಿನಲ್ಲಿ ಹಳತಾದದ್ದು ಹುಣಸೂರಿಗೆ, ಹುಣಸೂರಿನಲ್ಲಿ ಹಳತಾದದ್ದು ಕೋಟೆಗೆ ಬರುತ್ತಿತ್ತು. ಕಾರು ಎಂಬುದು ನಮ್ಮ ತಾಲ್ಲೂಕಿಗೆ ಬಹುಕಾಲ ಬಂದದ್ದೇ ಮೂರನೆಯ ಕೈಯಿಂದ.

ಈ ಶತಮಾನ ಆರಂಭವಾಗುವ ಹೊತ್ತಿಗೆ ಪದ್ಮಿನಿಯ ತಯಾರಿಕೆ ನಿಂತಿತು. ಮುಂಬಯಿಯ ರಸ್ತೆಗಳಲ್ಲಿ ಟ್ಯಾಕ್ಸಿಯಾಗಿ ಉಳಿದಿದ್ದ ಅದರ ಕೊನೆಯ ಕೊಂಡಿ 2023ರ ಅಕ್ಟೋಬರಿನ ಕೊನೆಗೆ ಕಳಚಿತು. ಅಷ್ಟರಲ್ಲಿ ಫಿಯಟ್ ತನ್ನ ಸ್ವಂತ ಹೆಸರಿನಲ್ಲಿಯೇ ಇಲ್ಲಿಗೆ ಮರಳಿ ಬಂದಿತ್ತು. 1996ರಲ್ಲಿ ಊನೊ, 1999ರಲ್ಲಿ ಸಿಯೆನಾ, 2001ರಲ್ಲಿ ಪಾಲಿಯೊ. ಸಿಯೆನಾದ ಬೆನ್ನನ್ನು ಚಾಚಿಸಿ 'ವೀಕೆಂಡ್' ಎಂಬ ಎಸ್ಟೇಟನ್ನೂ ತಂದರು. ಆಮೇಲೆ ಅದನ್ನೇ ನೆಲದಿಂದ ತುಸು ಎತ್ತರಿಸಿ, ಸುತ್ತಲೂ ಕಪ್ಪು ಪ್ಲಾಸ್ಟಿಕ್ಕಿನ ಅಂಚು ಕಟ್ಟಿ, 'ಅಡ್ವೆಂಚರ್' ಎಂದು ಕರೆದರು. 1.6 ಲೀಟರಿನ, ಸುಮಾರು ನೂರು ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ನು ಅದರ ಎದೆಯಲ್ಲಿತ್ತು. ಆ ಬೆಲೆಯ ಕಾರುಗಳಲ್ಲಿ ಅಂದಿಗೆ ಅದು ದೊಡ್ಡ ಬಲ. ಇಟಲಿಯ ಕ್ರೀಡಾಬುದ್ಧಿ, ಇಂಗ್ಲೆಂಡಿನ ಎಸ್ಟೇಟಿನ ಬೆನ್ನು, ನಮ್ಮ ಕುರ್ಲಾದ ಕೈಗೆಲಸ: ಮೂರೂ ಕೂಡಿದ ವಿಚಿತ್ರ ಸಂತಾನ ಅದು.

ಹೆಸರುಗಳಲ್ಲಿಯೂ ಒಂದು ಸ್ವಾರಸ್ಯವಿದೆ. ಸಿಯೆನಾ ಎಂಬುದು ಇಟಲಿಯ ಪುರಾತನ ನಗರ. ಪಾಲಿಯೊ ಎಂಬುದು ಆ ನಗರದ ಚೌಕದಲ್ಲಿ ಪ್ರತಿವರ್ಷ ಜುಲೈ 2 ಮತ್ತು ಆಗಸ್ಟ್ 16ರಂದು ನಡೆಯುವ ಕುದುರೆ ಓಟ. ನಗರದ ಕೇರಿಕೇರಿಗಳು ಪಂತ ಕಟ್ಟಿ ಓಡಿಸುತ್ತವೆ. ಸವಾರರು ಜೀನಿಲ್ಲದೆ ಏರುತ್ತಾರೆ. ತಿರುವುಗಳಲ್ಲಿ ಸವಾರ ಉರುಳಿಬೀಳುವುದುಂಟು. ಆದರೂ ಚಿಂತೆಯಿಲ್ಲ, ಸವಾರನಿಲ್ಲದೆ ಗುರಿ ಮುಟ್ಟಿದ ಕುದುರೆಗೂ ಗೆಲವು ಸಲ್ಲುತ್ತದೆ. ಈ ನಿಯಮವನ್ನು ಕೇಳುಗರು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಇದರ ಪ್ರಯೋಜನ ಮುಂದೆ ತಿಳಿಯುತ್ತದೆ.

ಆ ಉದ್ದ ಬೆನ್ನಿನ ಕಾರು ನಮ್ಮ ದೇಶದಲ್ಲಿ ನಡೆಯಲಿಲ್ಲ. ಅದೊಂದೇ ಅಲ್ಲ, ಎಸ್ಟೇಟ್ ಎಂಬ ಜಾತಿಯೇ ನಡೆಯಲಿಲ್ಲ. 1992ರಲ್ಲಿ ಬಂದ ಟಾಟಾ ಎಸ್ಟೇಟ್, ಮಾರುತಿಯ ಬಲೆನೊ ಆಲ್ಟುರಾ, ಓಪೆಲ್ ಕೋರ್ಸಾ ಸ್ವಿಂಗ್, ಸ್ಕೋಡಾದ ಆಕ್ಟೇವಿಯಾ ಕಾಂಬಿ, 2004ರ ಇಂಡಿಗೊ ಮರೀನಾ, ಒಂದೊಂದೂ ಬಂದು ಒಂದೊಂದೂ ಮರೆಯಾಯಿತು. ಡಿಕ್ಕಿ ಬೇರೆಯಾಗಿ ಕಾಣದ ಕಾರು ನಮ್ಮವರ ಕಣ್ಣಿಗೆ ಕಾರಾಗಿ ಕಾಣಲಿಲ್ಲ. ಆಂಬುಲೆನ್ಸಿನಂತೆ, ಸಾಮಾನಿನ ವ್ಯಾನಿನಂತೆ ಕಂಡಿತು. ಮದುವೆಯ ಚಪ್ಪರದ ಮುಂದೆ ನಿಲ್ಲಿಸಿದರೆ ಶೋಭಿಸದು ಎಂದರು. ಇಟಲಿಯ ಕಾರಿನ ಮೇಲೆ ಇನ್ನೂ ಎರಡು ಆರೋಪಗಳಿದ್ದುವು. ಒಂದು, ಅದರ ಹಸಿವು: ಊರೊಳಗೆ ಓಡಿಸಿದರೆ ಲೀಟರು ಪೆಟ್ರೋಲಿಗೆ ಹತ್ತು ಕಿಲೋಮೀಟರಿನ ಆಸುಪಾಸು. ಇನ್ನೊಂದು, ಬಿಡಿಭಾಗಗಳಿಗೂ ರಿಪೇರಿಗೂ ದೂರದ ನಗರಕ್ಕೆ ಹೋಗಬೇಕೆಂಬುದು. ಈ ಎರಡನ್ನೂ ಮೀರಿದ ಮೂರನೆಯ ಪ್ರಶ್ನೆಯೊಂದನ್ನು ಕೊಳ್ಳುವವರೆಲ್ಲ ಕೇಳುತ್ತಿದ್ದರು: 'ನಾಳೆ ಮಾರಿದರೆ ಎಷ್ಟು ಬಂದೀತು?'

ಈ ಪ್ರಶ್ನೆಯ ಮುಂದೆ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಸುಮಾರಿಗೆ ಸೇರುವ ದನಗಳ ಜಾತ್ರೆಯನ್ನು ನೋಡಿದವರಿಗೆ ನಾನು ಹೇಳುವುದು ಸುಲಭವಾಗಿ ಮನದಟ್ಟಾದೀತು. ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಗೊರಸು ನೋಡುತ್ತಾರೆ, ನಡೆಸಿ ನೋಡುತ್ತಾರೆ. ಕೊನೆಗೆ ಸುಳಿ ನೋಡುತ್ತಾರೆ. ಸುಳಿ ಸರಿಯಿಲ್ಲದ ಎತ್ತು ಎಷ್ಟೇ ಚೆನ್ನಾಗಿ ಉಳಲಿ, ಅದಕ್ಕೆ ಬೆಲೆ ಇಲ್ಲ. ಕೊಳ್ಳುವವನಿಗೇ ಸುಳಿಯಲ್ಲಿ ಅಷ್ಟೇನೂ ನಂಬಿಕೆಯಿಲ್ಲದಿರಬಹುದು. ಆದರೆ ತನ್ನಿಂದ ಕೊಳ್ಳುವ ಮುಂದಿನವನಿಗೆ ನಂಬಿಕೆಯಿದ್ದೀತು ಎಂಬ ಅಂಜಿಕೆ ಅವನನ್ನು ಹಿಂದಕ್ಕೆಳೆಯುತ್ತದೆ. ಹೀಗೆ ಯಾರೂ ಪೂರ್ತಿಯಾಗಿ ನಂಬದ ದೋಷವೊಂದು ಎಲ್ಲರ ಬೆಲೆಯನ್ನೂ ಗೊತ್ತುಮಾಡುತ್ತದೆ. ಎಸ್ಟೇಟ್ ಕಾರಿನ ಉದ್ದ ಬೆನ್ನು ನಮ್ಮ ಪೇಟೆಯಲ್ಲಿ ಇಂಥದೊಂದು ಸುಳಿಯಾಯಿತು.

ಆದರೆ ಸುಳಿಯ ಎತ್ತಿಗೂ ಒಬ್ಬ ಒಡೆಯ ಸಿಗುತ್ತಾನೆ. ಅವನು ಬಡವನಾಗಿರುತ್ತಾನೆ, ಇಲ್ಲವೆ ಎತ್ತಿನ ಗುಣ ಬಲ್ಲವನಾಗಿರುತ್ತಾನೆ. ಹಲವು ವೇಳೆ ಎರಡೂ ಆಗಿರುತ್ತಾನೆ. ಪೇಟೆ ಕೈಬಿಟ್ಟ ಈ ಕಾರುಗಳು ಕೆಲವೇ ವರ್ಷಗಳಲ್ಲಿ ಒಂದು ಒಳ್ಳೆಯ ಮೋಟಾರ್ ಸೈಕಲ್ಲಿನ ಬೆಲೆಗೆ ಇಳಿದುವು. ಮೈಸೂರಿನ ಬ್ರೋಕರುಗಳ ಅಂಗಳದಲ್ಲಿ ಧೂಳು ತಿನ್ನುತ್ತಿದ್ದವನ್ನು ಸಣ್ಣ ಊರಿನವರು ಹುಡುಕಿಕೊಂಡು ಹೋಗಿ ತಂದರು. ಇಂಥದೊಂದು ಕಾರು ನನ್ನ ಅಂಗಳದಲ್ಲಿಯೂ ನಿಂತಿದೆ. ನನಗಿಂತ ಮೊದಲು ಅದರ ಆರ್‌ಸಿ ಪುಸ್ತಕದಲ್ಲಿ ಇಬ್ಬರ ಹೆಸರುಗಳಿದ್ದುವು. ಹಿಂದಿನ ಸೀಟು ಮಡಚಿದರೆ ನಮ್ಮ ತೋಟದ ಬಾಳೆಗೊನೆಗಳು ಉದ್ದಕ್ಕೆ ಮಲಗುತ್ತವೆ. ಬಿತ್ತನೆಯ ಶುಂಠಿಯ ಚೀಲಗಳು ಕೂರುತ್ತವೆ. ಮಗಳ ಹೆರಿಗೆಯ ಬಾಣಂತನಕ್ಕೆ ತೊಟ್ಟಿಲನ್ನು ಬಿಚ್ಚದೆ ತಂದದ್ದೂ ಅದರಲ್ಲಿಯೇ. ಹ್ಯಾಂಡ್‌ಪೋಸ್ಟನ್ನು ದಾಟಿ ಅಂತರಸಂತೆಯ ಕಡೆಗೆ ರಸ್ತೆ ಬಿಚ್ಚಿಕೊಂಡಾಗ, ಎಡಬಲದಲ್ಲಿ ಹತ್ತಿಯ ಹೊಲ ಹಿಂದಕ್ಕೆ ಓಡುವಾಗ, ಗೇರು ಬದಲಿಸಿದೊಡನೆ ಎಂಜಿನ್ನು ಕೊಡುವ ಒಂದು ಹುಮ್ಮಸ್ಸಿನ ದನಿಯುಂಟು. ಆ ದನಿಗೆ ಕಿವಿಗೊಟ್ಟವನು ಲೀಟರಿನ ಲೆಕ್ಕವನ್ನು ಸ್ವಲ್ಪ ಹೊತ್ತು ಮರೆಯುತ್ತಾನೆ.

ಇಪ್ಪತ್ತು ವರ್ಷ ದಾಟಿದ ಯಂತ್ರಕ್ಕೆ ವಯೋಧರ್ಮದ ಬೇನೆಗಳಿರುವುದು ಸಹಜ. ರಬ್ಬರಿನ ಕೊಳವೆಗಳು ಒಣಗುತ್ತವೆ, ಸೂರಿನ ಒಳಬಟ್ಟೆ ಜೋತುಬೀಳುತ್ತದೆ, ಮಳೆಗಾಲದಲ್ಲಿ ತಂತಿಗಳು ಮುನಿಸಿಕೊಳ್ಳುತ್ತವೆ. ಇದಕ್ಕೆ ಕಾಲವನ್ನಲ್ಲದೆ ಇನ್ನಾರನ್ನೂ ನಾನು ದೂರಲಾರೆ. ಇಂಥ ಕಾರಿನ ಒಡೆಯನಿಗೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಒಬ್ಬ ಮೆಕ್ಯಾನಿಕ್. ನಮ್ಮೂರಿನಲ್ಲಿ ಹಾಗೊಬ್ಬರಿದ್ದಾರೆ. ಟ್ರ್ಯಾಕ್ಟರು ರಿಪೇರಿಯಿಂದ ವಿದ್ಯೆ ಕಲಿತವರು. ಮೊದಲ ಸಲ ಬಾನೆಟ್ಟು ಎತ್ತಿ ಬಹಳ ಹೊತ್ತು ಮೌನವಾಗಿ ನೋಡಿ, 'ಸಾರ್, ಇದಕ್ಕೆ ಕಾಯಿಲೆ ಇಲ್ಲ, ಹಟ ಅಷ್ಟೆ. ಹಟ ಮಾಡೋರ್ನ ಬಯ್ಬಾರ್ದು, ಏನು ಬೇಕು ಅಂತ ಕೇಳ್ಬೇಕು' ಎಂದರು. ಸಿಗದ ವಾಷರನ್ನು ಹಳೆಯ ಟ್ಯೂಬಿನಿಂದ ಕತ್ತರಿಸುವುದು, ಒಂದು ಕಾರಿನ ಹೋಸನ್ನು ಇನ್ನೊಂದಕ್ಕೆ ಹೊಂದಿಸುವುದು, ಬೆಲ್ಟಿನ ವಯಸ್ಸನ್ನು ಕಿಲೋಮೀಟರಿನಿಂದಲ್ಲದೆ ಬೆರಳಿನಿಂದ ಮುಟ್ಟಿ ತಿಳಿಯುವುದು, ಇವು ಯಾವ ಕಾರ್ಖಾನೆಯ ಕೈಪಿಡಿಯಲ್ಲಿಯೂ ಅಚ್ಚಾಗಿಲ್ಲ.

ಈಗ ಸವಾರನಿಲ್ಲದ ಕುದುರೆಯ ಮಾತಿಗೆ ಬರೋಣ. ಫಿಯಟ್ ಕಾರುಗಳು ನಮ್ಮಲ್ಲಿ ಮತ್ತೆ ಮತ್ತೆ ಸೋತುವು. 2006ರಲ್ಲಿ ಟಾಟಾದವರ ಅಂಗಡಿಗಳಲ್ಲಿ ಅವನ್ನು ಮಾರತೊಡಗಿದರು. ಪುಣೆಯ ಬಳಿ ರಂಜನಗಾಂವಿನಲ್ಲಿ ಇಬ್ಬರೂ ಕೂಡಿ ಕಾರ್ಖಾನೆ ನಡೆಸಿದರು. 2009ರಲ್ಲಿ ಲಿನಿಯಾ, ಪುಂಟೊಗಳು ಬಂದುವು. ಅವೂ ನೆಲೆಯೂರಲಿಲ್ಲ. ಆದರೆ ಅದೇ ಸಂಸ್ಥೆಯ 1248 ಸಿಸಿಯ 'ಮಲ್ಟಿಜೆಟ್' ಡೀಸೆಲ್ ಎಂಜಿನ್ನು, 2007ರಲ್ಲಿ ಮಾರುತಿ ಸ್ವಿಫ್ಟಿನ ಒಳಗೆ ಸೇರಿಕೊಂಡಿತು. ಮರುವರ್ಷ ಡಿಸೈರಿನ ಒಳಗೆ, ಟಾಟಾದ ಇಂಡಿಕಾ ವಿಸ್ಟಾದ ಒಳಗೆ. ಆಮೇಲೆ ಎರ್ಟಿಗಾ, ಸಿಯಾಜ್, ಬ್ರೆಝಾ. ಕಾರುಪ್ರೇಮಿಗಳು ಅದನ್ನು ತಮಾಷೆಗೆ 'ರಾಷ್ಟ್ರೀಯ ಎಂಜಿನ್' ಎಂದು ಕರೆದರು. ಲೀಟರಿಗೆ ಇಪ್ಪತ್ತರ ಹತ್ತಿರ ಮೈಲೇಜು ಕೊಡುತ್ತದೆಂದು ಹೊಗಳಿ ಕೊಂಡ ಲಕ್ಷಾಂತರ ಮಂದಿಗೆ, ತಾವು ಹೊಗಳುತ್ತಿರುವುದು ಇಟಲಿಯನ್ನು ಎಂಬುದು ತಿಳಿದಿರಲಿಲ್ಲ. ಇಟಲಿಯ ಕಾರು ಹಸಿದ ಹೊಟ್ಟೆಯದು ಎಂದು ಬಯ್ದ ನಾಲಗೆಯೇ ಇಟಲಿಯ ಎಂಜಿನ್ನನ್ನು ಮಿತಾಹಾರಿ ಎಂದು ಹಾಡಿತು. ನಮ್ಮ ಬಸ್ ನಿಲ್ದಾಣದ ಟ್ಯಾಕ್ಸಿಗಳ ಸಾಲಿನಲ್ಲಿ, ಬಾವಲಿಯ ಗಡಿ ದಾಟಿ ಮಾನಂದವಾಡಿಗೆ ಓಡಿದ ಬಾಡಿಗೆ ಕಾರುಗಳಲ್ಲಿ ವರ್ಷಗಟ್ಟಲೆ ಮಿಡಿದ ಹೃದಯ ಅದೇ.

2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಜಾರಿಗೆ ಬಂದಾಗ ಮಾರುತಿಯವರು ಆ ಎಂಜಿನ್ನನ್ನು ಕೈಬಿಟ್ಟರು. ಅದಕ್ಕೆ ಮೊದಲೇ ಫಿಯಟ್ ಹೆಸರಿನ ಕಾರುಗಳು ನಮ್ಮ ಪೇಟೆಯಿಂದ ಮರೆಯಾಗಿದ್ದುವು. ಓಟದ ಅರ್ಧದಲ್ಲಿ ಸವಾರ ಉರುಳಿದ. ಕುದುರೆ ಮಾತ್ರ ಗುರಿ ಮುಟ್ಟಿತು. ಸಿಯೆನಾದ ಚೌಕದಲ್ಲಾಗಿದ್ದರೆ ಕೇರಿಯವರು ಅದನ್ನು ಮೆರವಣಿಗೆಯಲ್ಲಿ ಕೊಂಡೊಯ್ಯುತ್ತಿದ್ದರು. ನಮ್ಮಲ್ಲಿ ಗೆದ್ದವನು ಯಾರೆಂಬುದೇ ಜನಕ್ಕೆ ಗೊತ್ತಾಗಲಿಲ್ಲ.

ಸವಾರನ ಪಾಲಿಗೆ ಉಳಿದವು ಕೈಬೆರಳಿನಲ್ಲಿ ಎಣಿಸುವಷ್ಟು ಹಳೆಯ ಕಾರುಗಳು. ಅವುಗಳ ಆಯುಸ್ಸು ಈಗ ಒಂದು ಕಾಗದದ ಮೇಲೆ ನಿಂತಿದೆ. ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಅನಂತರ ಐದೈದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ನವೀಕರಿಸಿಕೊಳ್ಳಬೇಕು. ಆ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5,000 ರೂಪಾಯಿಗೆ ಏರಿತು. ಹಳೆಯ ವಾಹನಗಳ ಹೊಗೆಯನ್ನು ಬಲ್ಲವರು ಈ ನಿಯಮದ ಉದ್ದೇಶವನ್ನು ಅಲ್ಲಗಳೆಯುವಂತಿಲ್ಲ; ನಾಗರಹೊಳೆಯ ಅಂಚಿನಲ್ಲಿ ವಾಸಿಸುವ ನಾನಂತೂ ಅಲ್ಲಗಳೆಯಲಾರೆ. ಆದರೆ ಪ್ರತಿ ಐದು ವರ್ಷಕ್ಕೊಮ್ಮೆ ಒಡೆಯ ತನ್ನನ್ನು ತಾನೇ ಕೇಳಿಕೊಳ್ಳಬೇಕಾಗುತ್ತದೆ: ಇದನ್ನು ಉಳಿಸಿಕೊಳ್ಳುವುದೋ, ಗುಜರಿಗೆ ಹಾಕುವುದೋ? ಗುಜರಿಯವನು ತೂಕಕ್ಕೆ ಬೆಲೆ ಕಟ್ಟುತ್ತಾನೆ. ಸೂರಿನ ಇಳಿಜಾರಿಗೆ ಅವನ ತಕ್ಕಡಿಯಲ್ಲಿ ತೂಕವಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೊಂದು ವಿಷಯ ಹೊಳೆದಿದೆ. ಕೊಳ್ಳುವ ದಿನವೇ ಮಾರುವ ದಿನದ ಲೆಕ್ಕ ಹಾಕುವವನು ತನ್ನ ವಸ್ತುವಿಗೆ ಒಡೆಯನಲ್ಲ. ಮುಂದೆ ಬರುವ ಅಪರಿಚಿತನ ಪರವಾಗಿ ಅದನ್ನು ಕಾಯುತ್ತಿರುವ ಪಾರುಪತ್ಯಗಾರ. ಬಾಗಿಲಿನ ಪ್ಲಾಸ್ಟಿಕ್ಕು ಹರಿಯಬಾರದು, ಸೀಟಿನ ಮೇಲೆ ಕಲೆ ಬೀಳಬಾರದು, ಬಣ್ಣ ಬಿಳಿಯದೇ ಆಗಿರಬೇಕು, ಇದೆಲ್ಲ ಆ ಅಪರಿಚಿತನ ಮರ್ಜಿ. ಪೇಟೆಯಲ್ಲಿ ಯಾವ ವಸ್ತುವಿಗೆ ಬೆಲೆಯೇ ಉಳಿದಿಲ್ಲವೋ ಅದನ್ನು ಮಾತ್ರ ಮನುಷ್ಯ ಪೂರ್ತಿಯಾಗಿ ತನ್ನದೆನ್ನಬಹುದು. ಅದರ ಚೆಲುವು ತನಗೊಬ್ಬನಿಗೇ ಸಲ್ಲುತ್ತದೆ. ಅದರ ಕುಂದೂ ತನಗೊಬ್ಬನಿಗೇ ಸಲ್ಲುತ್ತದೆ. ಬೇಟೆಗಾರರ ಬಂಡಿಯಾಗಿ ಹುಟ್ಟಿ, ಶಿಲ್ಪಿಗಳ ಕೈಯಲ್ಲಿ ಬೆಳೆದು, ಪೇಟೆಯಲ್ಲಿ ಸೋತು, ಬಾಳೆಗೊನೆ ಹೊರುವ ಕೆಲಸಕ್ಕೆ ಬಂದು ನಿಂತ ಈ ಕಾರಿನ ಒಡೆತನದಿಂದ ನಾನು ಕಲಿತ ಪಾಠ ಇಷ್ಟೇ.

ಕಾರ್ಖಾನೆಗಳ ಚರಿತ್ರೆಯನ್ನು ಬರೆಯುವವರಿದ್ದಾರೆ. ಎಷ್ಟು ಕಾರು ತಯಾರಾದುವು, ಎಷ್ಟು ಮಾರಾಟವಾದುವು ಎಂಬುದು ಅದರಲ್ಲಿ ದಾಖಲಾಗುತ್ತದೆ. ಮಾರಾಟವಾದ ಮೇಲೆ ಅವುಗಳನ್ನು ಇಪ್ಪತ್ತು ವರ್ಷ ನಡೆಸಿದವರು ಯಾರು, ಹೇಗೆ ನಡೆಸಿದರು ಎಂಬ ಇನ್ನೊಂದು ಚರಿತ್ರೆಯಿದೆ. ಅದು ಹ್ಯಾಂಡ್‌ಪೋಸ್ಟಿನಂಥ ಕೂಡುರಸ್ತೆಗಳ ಗ್ಯಾರೇಜುಗಳಲ್ಲಿ, ಎಣ್ಣೆ ಮೆತ್ತಿದ ಕೈಗಳಲ್ಲಿ ಇದೆ. ಒಂದೊಂದು ಕಾರು ಗುಜರಿ ಸೇರಿದಾಗಲೂ ಅದರ ಹಟವನ್ನು ಬಲ್ಲ ಕೈಗೆ ಒಂದು ಕೆಲಸ ಕಡಿಮೆಯಾಗುತ್ತದೆ. ಕೆಲಸವಿಲ್ಲದ ಕೈ ಆ ವಿದ್ಯೆಯನ್ನು ಬಹುಕಾಲ ನೆನಪಿಟ್ಟುಕೊಳ್ಳಲಾರದು. ಕಾರು ಉಳಿಯದಿದ್ದರೆ ಹೋಗಲಿ. ಆ ಕೈಗಳು ಬಲ್ಲದ್ದನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಒಬ್ಬ ತರುಣ ಯಾವುದಾದರೂ ಊರಿನಲ್ಲಿ ಹುಟ್ಟಿಕೊಂಡರೆ, ಕನ್ನಡಕ್ಕೆ ಅದೊಂದು ಹೊಸ ಬಗೆಯ ಕೈಪಿಡಿಯಾದೀತು.